ಮಕ್ಕಳು ದೂರವಿರುವ ಮನೆ

ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ ಪ್ರಬೋಧನೆ – ಜುಲೈ 26



ಪುಷ್ಯ ಮಳೆ ಬಿಡದೆ ಸುರಿಯುವ ದಿನಗಳಲ್ಲಿ ಪ್ರತಿವರ್ಷ ನಮಗೆ ಈ ಹಬ್ಬ ಬರುತ್ತದೆ. ಹಳಿಯಾಳ ಮತ್ತು ಮುಂಡಗೋಡದ ಗದ್ದೆಗಳಲ್ಲಿ ಈಗ ನಾಟಿಯ, ಕಳೆಯ ಗಡಿಬಿಡಿ. ಜೋಯಿಡಾದ ಎಷ್ಟೋ ಹಳ್ಳಿಗಳಲ್ಲಿ ಹಳ್ಳ ಏರಿದರೆ ಬಸ್ಸೂ ಇಲ್ಲ, ಗಾಳಿ ಬೀಸಿದರೆ ಕರೆಂಟೂ ಇಲ್ಲ. ದಾಂಡೇಲಿಯ ಓಣಿಗಳಲ್ಲಿ ಜನ ಕಿಟಕಿ ಮುಚ್ಚಿಕೊಂಡು ಒಳಗೇ ಇರುತ್ತಾರೆ. ಮೇ ತಿಂಗಳ ರಜೆಗೆಂದು ಬಂದಿದ್ದ ಮಕ್ಕಳು ಜೂನ್ ಹಿಡಿಯುತ್ತಿದ್ದಂತೆ ಹೊರಟುಹೋದರು. ಕೆಲವರು ಹುಬ್ಬಳ್ಳಿ, ಧಾರವಾಡ, ಬೆಳಗಾವಿಯ ಕಾಲೇಜುಗಳಿಗೆ; ಕೆಲವರು ಗೋವಾದ ಹೋಟೆಲು, ಕಾರ್ಖಾನೆಗಳಿಗೆ; ಕೆಲವರು ಬೆಂಗಳೂರು, ಪುಣೆಯ ಕಂಪನಿಗಳಿಗೆ; ಇನ್ನು ಕೆಲವರು ಕಡಲಾಚೆಯ ಕೊಲ್ಲಿ ದೇಶಗಳಿಗೆ. ಐದನೆಯ ಆರನೆಯ ತರಗತಿಯ ಚಿಕ್ಕಮಕ್ಕಳು ಹಾಸಿಗೆ ಪೆಟ್ಟಿಗೆ ಹೊತ್ತುಕೊಂಡು ಹಾಸ್ಟೆಲಿಗೆ ಹೋದರು. ಮನೆಯಲ್ಲಿ ಉಳಿದದ್ದು ಬಾಗಿಲ ಹಿಂದೆ ಅವರ ಹಳೆಯ ಚಪ್ಪಲಿ, ಗೂಟಕ್ಕೆ ಸಿಕ್ಕಿಸಿ ಮರೆತುಹೋದ ಒಂದು ಅಂಗಿ.

ಮಕ್ಕಳು ಅಲ್ಲಿ ಏನು ಮಾಡುತ್ತಿದ್ದಾರೆ, ಸರಿಯಾಗಿ ಓದುತ್ತಿದ್ದಾರೋ, ಹೊತ್ತಿಗೆ ಉಣ್ಣುತ್ತಿದ್ದಾರೋ ಎಂದು ನಾವೆಲ್ಲರೂ ಕೇಳುತ್ತೇವೆ. ಮಕ್ಕಳಿಲ್ಲದ ಆ ಮನೆಯಲ್ಲಿ ತಂದೆ ತಾಯಿ ದಿನವನ್ನು ಹೇಗೆ ಕಳೆಯುತ್ತಿದ್ದಾರೆ ಎಂದು ಕೇಳುವವರು ಕಡಿಮೆ. ಮಾತೆ ಮರಿಯಮ್ಮನವರ ತಂದೆ ತಾಯಿಯ ಹಬ್ಬದ ದಿನ ಆ ಪ್ರಶ್ನೆಯನ್ನೇ ನಾವು ಕೈಗೆತ್ತಿಕೊಳ್ಳೋಣ.

ಸಂತ ಜೋಕಿಮ್ ಮತ್ತು ಅನ್ನಮ್ಮನವರ ಹೆಸರು ಪವಿತ್ರ ಬೈಬಲಿನಲ್ಲಿ ಇಲ್ಲ ಎಂಬುದು ನಿಮಗೆ ತಿಳಿದಿರಬಹುದು. ಎರಡನೆಯ ಶತಮಾನದ ಒಂದು ಹಳೆಯ ಬರಹದಿಂದ, ಸಂತ ಯಾಕೋಬನ ಹೆಸರಿನಲ್ಲಿ ಪ್ರಚಾರಕ್ಕೆ ಬಂದ ಬರಹದಿಂದ, ಅವರ ಕಥೆ ನಮ್ಮವರೆಗೆ ಬಂದಿದೆ. ಧರ್ಮಸಭೆ ಅದನ್ನು ದೇವರ ವಾಕ್ಯವೆಂದು ಸ್ವೀಕರಿಸಿಲ್ಲ. ಆದರೂ ಅದರಲ್ಲಿರುವ ಭಕ್ತಿಯ ನೆನಪನ್ನು ಜನ ಬಿಟ್ಟುಕೊಡಲಿಲ್ಲ. ಅದರ ಪ್ರಕಾರ ಈ ದಂಪತಿಗೆ ಬಹುಕಾಲ ಮಕ್ಕಳಿರಲಿಲ್ಲ. ಅತ್ತು ಬೇಡಿ ಪಡೆದ ಮಗು ಮರಿಯ. ನಮ್ಮ ನೆರೆಯ ಗೋವಾದ ತಳಾವ್ಲಿಯಲ್ಲಿ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಸಂತ ಅನ್ನಮ್ಮನವರ ದೊಡ್ಡ ದೇವಾಲಯವಿದೆ. ಅಲ್ಲಿಯ ಹಬ್ಬದಲ್ಲಿ ಮಕ್ಕಳಿಲ್ಲದ ದಂಪತಿಗಳು ಸೌತೆಕಾಯಿ ಅರ್ಪಿಸಿ ಸಂತಾನಕ್ಕಾಗಿ ಬೇಡಿಕೊಳ್ಳುತ್ತಾರೆ. ಅದಕ್ಕೇ ಅದನ್ನು ಜನ ಸೌತೆಕಾಯಿ ಹಬ್ಬ ಎಂದೇ ಕರೆಯುತ್ತಾರೆ.

ಇಷ್ಟು ಕಾಯ್ದು ಪಡೆದ ಮಗುವನ್ನು ಆ ತಂದೆ ತಾಯಿ ಏನು ಮಾಡಿದರು? ಹರಕೆ ಹೊತ್ತಿದ್ದಂತೆ, ಮೂರು ವರ್ಷ ತುಂಬಿದಾಗ ದೇವಾಲಯಕ್ಕೆ ಕರೆದೊಯ್ದು ಒಪ್ಪಿಸಿದರು. ನವೆಂಬರ್ 21ರಂದು ಧರ್ಮಸಭೆ ಮಾತೆ ಮರಿಯಮ್ಮನವರ ಸಮರ್ಪಣೆಯನ್ನು ಸ್ಮರಿಸುವುದು ಇದನ್ನೇ. ಮಗು ಹಿಂತಿರುಗಿ ನೋಡಿ ಅತ್ತೀತು ಎಂಬ ಅಂಜಿಕೆ ಜೋಕಿಮನಿಗೆ ಇತ್ತಂತೆ. ಅದಕ್ಕಾಗಿ ಊರಿನ ಹೆಣ್ಣುಮಕ್ಕಳ ಕೈಗೆ ದೀಪ ಕೊಟ್ಟು ಮುಂದೆ ನಡೆಸಿದ. ಮಗು ಆ ದೀಪಗಳನ್ನು ನೋಡುತ್ತ ನೋಡುತ್ತ ಮೆಟ್ಟಿಲೇರಿತು. ತಂದೆ ತಾಯಿಯ ಕಡೆ ತಿರುಗಿ ನೋಡಲೇ ಇಲ್ಲ. ಆಶ್ಚರ್ಯಪಡುತ್ತ, ದೇವರನ್ನು ಕೊಂಡಾಡುತ್ತ ಅವರಿಬ್ಬರೂ ಮನೆಗೆ ಮರಳಿದರು.

ಬಸ್ ಸ್ಟ್ಯಾಂಡಿನಲ್ಲಿ ಮಗನನ್ನೋ ಮಗಳನ್ನೋ ಹತ್ತಿಸಿ ಬಂದ ಪ್ರತಿಯೊಬ್ಬ ತಾಯಿಗೂ ಈ ಮಾತು ಅರ್ಥವಾಗುತ್ತದೆ. ಮಗು ಅತ್ತರೆ ಹೊಟ್ಟೆ ಉರಿಯುತ್ತದೆ. ಅಳದೆ, ಕಿಟಕಿಯಿಂದ ಒಮ್ಮೆ ಕೈಬೀಸಿ ಗೆಳೆಯರ ಜೊತೆ ಮಾತಿಗಿಳಿದುಬಿಟ್ಟರೆ ಆಗಲೂ ಹೊಟ್ಟೆಯೊಳಗೆ ಏನೋ ಚುರ್ ಎನ್ನುತ್ತದೆ. ಮಗು ಧೈರ್ಯವಾಗಿ ಹೋಯಿತು ಎಂಬ ಸಂತೋಷ ಒಂದು ಕಡೆ, ಅದಕ್ಕೆ ನಾವು ಇಷ್ಟೇ ಬೇಕಾಗಿತ್ತೇ ಎಂಬ ಸಂಕಟ ಇನ್ನೊಂದು ಕಡೆ. ಜೋಕಿಮ್ ಮತ್ತು ಅನ್ನಮ್ಮ ಇವೆರಡನ್ನೂ ಹೊತ್ತುಕೊಂಡು ಖಾಲಿ ಮನೆಗೆ ನಡೆದರು. ಆಮೇಲೆ ಅವರು ಏನು ಮಾಡಿದರು? ಕಥೆ ಅಲ್ಲಿ ಸುಮ್ಮನಾಗುತ್ತದೆ. ಆ ಮೌನದೊಳಗೆ ನಮ್ಮ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳು ಇವೆ.

ಆ ಮೌನವನ್ನು ಅರ್ಥಮಾಡಿಕೊಳ್ಳಲು ಪವಿತ್ರ ಗ್ರಂಥವೇ ನಮಗೆ ನೆರವಾಗುತ್ತದೆ. ಅನ್ನ ಎಂಬ ಹೆಸರಿಗೆ ಹೀಬ್ರೂ ಭಾಷೆಯಲ್ಲಿ ಕೃಪೆ ಎಂಬ ಅರ್ಥವಿದೆ. ಇದೇ ಹೆಸರಿನ ಇನ್ನೂ ಮೂವರು ತಾಯಂದಿರು ಬೈಬಲಿನಲ್ಲಿ ಇದ್ದಾರೆ. ಅವರ ಮನೆಗಳಿಗೆ ಒಮ್ಮೆ ಹೋಗಿ ಬರೋಣ.

ಮೊದಲನೆಯವಳು ಸಮುವೇಲನ ತಾಯಿ ಹನ್ನ. ಇವಳೂ ಬಂಜೆಯೆಂಬ ಮಾತು ಕೇಳಿ ಕೇಳಿ ನೊಂದವಳು. ಶಿಲೋವಿನ ದೇವಾಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತ ಪ್ರಾರ್ಥಿಸಿದಾಗ, ಯಾಜಕ ಏಲಿ ಇವಳು ಕುಡಿದಿದ್ದಾಳೆ ಎಂದುಕೊಂಡ. ದೇವರು ಕೊಟ್ಟ ಮಗನನ್ನು ಹಾಲು ಬಿಡಿಸಿದ ಮೇಲೆ ಅದೇ ಏಲಿಯ ಬಳಿಗೆ ತಂದು ಬಿಟ್ಟಳು. ಮುಂದೆ ಗ್ರಂಥ ಒಂದು ಸಣ್ಣ ಸಂಗತಿಯನ್ನು ಹೇಳುತ್ತದೆ. ಪ್ರತಿವರ್ಷ ಗಂಡನ ಜೊತೆ ಬಲಿ ಅರ್ಪಿಸಲು ಹೋಗುವಾಗ ಮಗನಿಗೆಂದು ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದುಕೊಂಡು ಹೋಗುತ್ತಿದ್ದಳಂತೆ.

ಇದನ್ನು ತಾಯಂದಿರು ಸ್ವಲ್ಪ ಯೋಚಿಸಿ ನೋಡಿ. ವರ್ಷಕ್ಕೊಮ್ಮೆ ಮಾತ್ರ ಕಾಣುವ ಮಗ. ಅಳತೆ ತೆಗೆದುಕೊಳ್ಳಲು ಅವನು ಎದುರಿಗಿಲ್ಲ. ಹೋದ ವರ್ಷ ಭುಜ ಇಷ್ಟಿತ್ತು, ಈ ವರ್ಷ ಎರಡು ಬೆರಳು ಏರಿರಬಹುದು, ಕೈ ಉದ್ದವಾಗಿರಬಹುದು ಎಂದು ಮನಸ್ಸಿನಲ್ಲೇ ಅಳೆದು ಹೊಲಿಯಬೇಕು. ಹೋದ ವರ್ಷದ ಅಳತೆಗೇ ಹೊಲಿದರೆ ಅಂಗಿ ಬಿಗಿಯಾಗುತ್ತದೆ. ಮಗ ಬೆಳೆಯುತ್ತಿದ್ದಾನೆ ಎಂಬುದನ್ನು ಹನ್ನ ಒಪ್ಪಿಕೊಂಡು ಹೊಲಿದಳು. ನಾವು ಎಷ್ಟೋ ಸಲ ಹಳೆಯ ಅಳತೆಯನ್ನೇ ಇಟ್ಟುಕೊಂಡಿರುತ್ತೇವೆ. ಇಪ್ಪತ್ತೈದು ವರ್ಷದ ಮಗನೊಂದಿಗೆ ಹತ್ತು ವರ್ಷದವನ ಜೊತೆ ಮಾತಾಡಿದಂತೆ ಮಾತಾಡುತ್ತೇವೆ. ಅವನು ಸಿಟ್ಟಾದರೆ, ಬೇಗ ಫೋನ್ ಇಟ್ಟರೆ, ಬದಲಾಗಿದ್ದಾನೆ ಎಂದು ಅಳುತ್ತೇವೆ. ಹೌದು, ಬದಲಾಗಿದ್ದಾನೆ. ಅದಕ್ಕೆಂದೇ ತಾನೇ ಅವನನ್ನು ಕಳುಹಿಸಿದ್ದು?

ಹನ್ನಳ ಸೂಜಿ ದಾರವನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಸಿದ್ದಿ ಸಮುದಾಯದ ನಮ್ಮ ತಾಯಂದಿರು ಹೊಲದ ಕೆಲಸ ಮುಗಿದ ಮೇಲೆ ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ, ಹರಿದ ಅಂಗಿ, ಮಕ್ಕಳು ಬಿಟ್ಟುಹೋದ ಬಟ್ಟೆ, ಯಾವುದನ್ನೂ ಎಸೆಯುವುದಿಲ್ಲ. ಅಂಚಿನಿಂದ ಶುರುಮಾಡಿ, ತುಂಡಿಗೆ ತುಂಡು ಸೇರಿಸುತ್ತ ಸುತ್ತಿ ಸುತ್ತಿ ನಡುವಿನವರೆಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಕ್ರೈಸ್ತ ಮನೆಗಳ ಕೆಲವು ಕೌದಿಗಳಲ್ಲಿ ಶಿಲುಬೆಯೂ ಇರುತ್ತದೆ. ಆ ಕೌದಿ ಯಾರಿಗೆ? ಹಾಸ್ಟೆಲಿನಲ್ಲಿರುವ ಮೊಮ್ಮಗನಿಗೆ, ಹೆರಿಗೆಗೆ ಬರುವ ಮಗಳಿಗೆ, ಹುಟ್ಟಲಿರುವ ಮಗುವಿಗೆ. ಖಾಲಿ ಮಧ್ಯಾಹ್ನವನ್ನು ಹಾಗೆ ಕೂತು ನುಂಗುವುದಕ್ಕಿಂತ ಅದನ್ನು ಹೊಲಿದು ಯಾರಿಗಾದರೂ ಹೊದಿಸುವುದು ಎಷ್ಟು ಒಳ್ಳೆಯದು!

ಇದೇ ಸಮುದಾಯದ ತಂದೆ ತಾಯಂದಿರು ಇನ್ನೊಂದು ಅಗಲಿಕೆಯನ್ನೂ ಕಂಡವರು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಓಟದಲ್ಲಿ ಚುರುಕಾದ ಸಿದ್ದಿ ಮಕ್ಕಳನ್ನು ಆಯ್ದು ದೂರದ ತರಬೇತಿ ಕೇಂದ್ರಗಳಿಗೆ ಕರೆದೊಯ್ಯಿತು. ಕಾಡಿನ ಅಂಚಿನ ಮನೆಯಿಂದ ಹೊರಟ ಮಕ್ಕಳು ಪದಕಗಳನ್ನೂ ಗೆದ್ದರು. 1990ರ ದಶಕದ ಆರಂಭದಲ್ಲಿ ಆ ಯೋಜನೆ ನಿಂತುಹೋಯಿತು. ಹಲವರು ಊರಿಗೆ ಮರಳಿದರು. ಗೆದ್ದು ಬಂದ ಮಗುವಿಗೂ ಸೋತು ಬಂದ ಮಗುವಿಗೂ ಒಂದೇ ಅಂಬಲಿ, ಒಂದೇ ಕೌದಿ ಕಾದಿರುವ ಮನೆಯೇ ಮನೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಫೇಲಾದಾಗ, ಕೆಲಸ ಕಳೆದುಕೊಂಡಾಗ, ಊರಿಗೆ ಬರಲು ನಾಚುತ್ತಾರೆ. ಅವರು ನಾಚದೆ ಬರಬಹುದಾದ ಮನೆಯನ್ನು ಈಗಿನಿಂದಲೇ ಸಿದ್ಧವಾಗಿಡುವುದು ತಂದೆ ತಾಯಿಯ ಕೆಲಸ.

ಎರಡನೆಯವಳು ತೊಬೀತನ ಹೆಂಡತಿ ಅನ್ನ. ತೊಬೀತನ ಗ್ರಂಥವನ್ನು ನಾವು ಹೆಚ್ಚಾಗಿ ಮದುವೆಯ ಪೂಜೆಯಲ್ಲಿ ಕೇಳುತ್ತೇವೆ. ಆದರೆ ಮಕ್ಕಳು ದೂರವಿರುವಾಗ ಮನೆಯಲ್ಲಿ ಏನಾಗುತ್ತದೆ ಎಂಬುದನ್ನು ಇಷ್ಟು ಸರಿಯಾಗಿ ಹೇಳಿದ ಪುಸ್ತಕ ಮತ್ತೊಂದಿಲ್ಲ. ತೊಬೀತ ನಿನೆವೆಯಲ್ಲಿ ಸೆರೆಯಾಳಾಗಿ ಬಂದು ನೆಲೆಸಿದವನು. ಕಣ್ಣು ಕುರುಡಾಗಿತ್ತು. ಹೆಂಡತಿ ನೇಯ್ಗೆಯ ಕೂಲಿ ಮಾಡಿ ಮನೆ ನಡೆಸುತ್ತಿದ್ದಳು. ಮೇದ್ಯ ದೇಶದಲ್ಲಿ ಒಬ್ಬನ ಬಳಿ ಇಟ್ಟ ಬೆಳ್ಳಿಯ ಹಣ ನೆನಪಾಗಿ, ಒಬ್ಬನೇ ಮಗ ತೊಬಿಯಾಸನನ್ನು ತೊಬೀತ ಅಲ್ಲಿಗೆ ಕಳುಹಿಸಿದ. ಮಗ ಹೊರಟೊಡನೆ ತಾಯಿ ಅಳತೊಡಗಿದಳು. ನಮ್ಮ ಊರುಗೋಲನ್ನೇ ಕಳುಹಿಸಿಬಿಟ್ಟಿರಿ, ದುಡ್ಡಿಗೆ ದುಡ್ಡು ಸೇರಿಸುವ ಆಸೆ ಯಾಕೆ, ದೇವರು ಕೊಟ್ಟದ್ದರಲ್ಲೇ ಬದುಕಬಹುದಿತ್ತಲ್ಲ ಎಂದು ಗಂಡನನ್ನು ಕೇಳಿದಳು.

ಈ ಜಗಳ ನಮ್ಮ ಮನೆಗಳಲ್ಲಿ ಇಂದೂ ಇದೆ. ಫೀಸಿಗೆ ಸಾಲ, ವೀಸಾಕ್ಕೆ ಸಾಲ, ಅರ್ಧ ಎಕರೆ ಗದ್ದೆ ಅಡವು. ಕಳುಹಿಸಲೇಬೇಕು ಎಂದು ಒಬ್ಬರು, ಕಳುಹಿಸಿದ್ದೇ ತಪ್ಪು ಎಂದು ಇನ್ನೊಬ್ಬರು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಹೋಗದೆ ಇರಲೂ ಆಗದು. ಅಲ್ಲಿ ಮಗ ಹೇಗಿದ್ದಾನೋ ಏನೋ, ಇಲ್ಲಿ ಗಂಡ ಹೆಂಡತಿ ಒಬ್ಬರಿಗೊಬ್ಬರು ಮುಖ ಕೊಡುವುದಿಲ್ಲ. ಮಕ್ಕಳಿದ್ದಾಗ ಮಕ್ಕಳ ಮೂಲಕ ಮಾತಾಡುತ್ತಿದ್ದವರು ಈಗ ಟಿ.ವಿ.ಯ ಮೂಲಕವೂ ಮಾತಾಡುವುದಿಲ್ಲ.

ತೊಬಿಯಾಸ ಹೇಳಿದ ದಿನಕ್ಕೆ ಬರಲಿಲ್ಲ. ತಂದೆ ದಿನಗಳನ್ನು ಎಣಿಸುತ್ತ ಕುಳಿತ: ಹೋಗಲು ಇಷ್ಟು, ಬರಲು ಇಷ್ಟು. ತಾಯಿ ಮಗ ಸತ್ತೇಹೋದ ಎಂದು ಗೋಳಾಡಿದಳು. ಸುಮ್ಮನಿರು, ಅವನು ಚೆನ್ನಾಗಿದ್ದಾನೆ ಎಂದು ಗಂಡ ಹೇಳಿದರೆ, ನೀವೇ ಸುಮ್ಮನಿರಿ, ನನ್ನನ್ನು ನಂಬಿಸಬೇಡಿ ಎಂದಳು. ಹಗಲೆಲ್ಲ ದಾರಿ ನೋಡುವಳು, ಊಟ ಬಿಟ್ಟಳು, ರಾತ್ರಿಯೆಲ್ಲ ಅಳುವಳು.

ಆ ಹೊತ್ತಿಗೆ ತೊಬಿಯಾಸ ಎಲ್ಲಿದ್ದ? ತನ್ನದೇ ಮದುವೆಯ ಊಟದಲ್ಲಿ! ಹೆಣ್ಣಿನ ತಂದೆ ಹದಿನಾಲ್ಕು ದಿನದ ಔತಣ ಇಟ್ಟು, ಅದು ಮುಗಿಯುವವರೆಗೆ ಕದಲಬಾರದೆಂದು ಹಿಡಿದುಕೊಂಡಿದ್ದ. ದಾರಿಯುದ್ದಕ್ಕೂ ಅವನ ಜೊತೆ ನಡೆದದ್ದು ದೇವದೂತ ರಫಾಯೇಲ. ಕುರುಡು ತಂದೆಯ ಕಣ್ಣಿಗೆ ಹಚ್ಚಬೇಕಾದ ಮದ್ದು ಅವನ ಚೀಲದಲ್ಲೇ ಇತ್ತು. ಇದ್ಯಾವುದೂ ಮನೆಯಲ್ಲಿದ್ದವರಿಗೆ ಗೊತ್ತಿರಲಿಲ್ಲ.

ಪ್ರಿಯರೇ, ಮಕ್ಕಳ ಬದುಕಿನಲ್ಲಿ ನಮಗೆ ಕಾಣದ ಭಾಗವೇ ದೊಡ್ಡದು. ನಮಗೆ ಕಾಣದ್ದನ್ನೆಲ್ಲ ಭಯದಿಂದ ತುಂಬಿಸುವ ಚಾಳಿ ನಮ್ಮದು. ಫೋನ್ ಹತ್ತಲಿಲ್ಲ ಎಂದರೆ ಅಪಘಾತ ಎಂದುಕೊಳ್ಳುತ್ತೇವೆ. ದಾರಿಯಲ್ಲಿ ದೇವದೂತ ಇರಬಹುದು ಎಂದುಕೊಳ್ಳುವುದಿಲ್ಲ. ಜೋಯಿಡಾದ ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿಕೊಂಡು ದಿಬ್ಬ ಹತ್ತುವ ತಂದೆ ತಾಯಂದಿರನ್ನು ನಾವು ಕಂಡಿದ್ದೇವೆ. ಸಿಗ್ನಲ್ ಸಿಗದ ದಿನ ಅವರು ಮಳೆಯಲ್ಲಿ ನೆನೆದು ಇಳಿದು ಬರುತ್ತಾರೆ. ಅವರಿಗೆ ಹೇಳಲು ನಮ್ಮ ಬಳಿ ಇರುವ ಮಾತು ಇಷ್ಟೇ: ದೇವರಿಗೆ ನೆಟ್‌ವರ್ಕ್ ಬೇಕಾಗಿಲ್ಲ, ನೀವು ಇಲ್ಲಿ ಹೇಳಿದ ಹೆಸರು ಅಲ್ಲಿಗೆ ಮುಟ್ಟುತ್ತದೆ.

ಎಲ್ಲ ಕಥೆಗಳೂ ತೊಬಿಯಾಸನ ಕಥೆಯಂತೆ ಮದುವೆಯ ಊಟದಲ್ಲಿ ಮುಗಿಯುವುದಿಲ್ಲ ಎಂಬುದೂ ನಮಗೆ ಗೊತ್ತಿದೆ. ವರ್ಷಗಟ್ಟಲೆ ಫೋನ್ ಮಾಡದ ಮಕ್ಕಳಿದ್ದಾರೆ. ಕುಡಿತಕ್ಕೆ ಬಿದ್ದವರಿದ್ದಾರೆ. ದೇವಾಲಯದ ದಾರಿ ಮರೆತವರಿದ್ದಾರೆ. ಅಂಥ ತಂದೆ ತಾಯಿಗೆ ಸಂತ ಮೋನಿಕಮ್ಮನವರು ಜೊತೆಗಾತಿ. ಕ್ರಿ.ಶ. 383ರಲ್ಲಿ ಮಗ ಅಗಸ್ಟೀನ್ ತಾಯಿಗೆ ಸುಳ್ಳು ಹೇಳಿ, ಕಾರ್ಥೇಜಿನಿಂದ ರಾತ್ರೋರಾತ್ರಿ ಹಡಗು ಹತ್ತಿ ರೋಮ್ ನಗರಕ್ಕೆ ಹೊರಟುಬಿಟ್ಟ. ಆ ರಾತ್ರಿ ತಾಯಿ ಸಮುದ್ರದ ಹತ್ತಿರದ ಸಂತ ಸಿಪ್ರಿಯಾನರ ಗುಡಿಯಲ್ಲಿ, ಮಗ ಹೋಗದಿರಲಿ ಎಂದು ಪ್ರಾರ್ಥಿಸುತ್ತಿದ್ದಳು. ಬೆಳಗಾದಾಗ ಹಡಗು ಇರಲಿಲ್ಲ. ಆ ಪ್ರಾರ್ಥನೆ ಕೇಳಿಸಲಿಲ್ಲ ಎಂದೇ ಅವಳಿಗೆ ಅನ್ನಿಸಿರಬೇಕು. ಆದರೆ ಆ ಹಡಗಿನ ದಾರಿಯೇ ಅಗಸ್ಟೀನನನ್ನು ಮಿಲಾನಿಗೆ, ಸಂತ ಅಂಬ್ರೋಸರ ಬಳಿಗೆ ಒಯ್ದಿತು. 387ರ ಪಾಸ್ಖ ಹಬ್ಬದಲ್ಲಿ ಅವನಿಗೆ ಸ್ನಾನದೀಕ್ಷೆ ಆಯಿತು. ತಾಯಿ ಅದನ್ನು ಕಣ್ಣಾರೆ ಕಂಡು, ಅದೇ ವರ್ಷ ತೀರಿಕೊಂಡಳು. ಬೇಡಿದ್ದನ್ನು ಕೊಡದೆ, ಬೇಡಿದ್ದಕ್ಕಿಂತ ದೊಡ್ಡದನ್ನು ದೇವರು ಕೊಟ್ಟರು. ಅದಕ್ಕೆ ನಡುವೆ ನಾಲ್ಕು ವರ್ಷ ಹಿಡಿಯಿತು. ಕೆಲವರಿಗೆ ಇನ್ನೂ ಹೆಚ್ಚು ಹಿಡಿಯುತ್ತದೆ.

ಇಂದಿನ ಶುಭಸಂದೇಶದಲ್ಲಿ ಯೇಸುಸ್ವಾಮಿಯವರು ಶಿಷ್ಯರಿಗೆ ಹೇಳುವುದನ್ನು ಕೇಳಿದಿರಿ. ಅವರು ಕಾಣುತ್ತಿರುವುದನ್ನು ಕಾಣಬೇಕೆಂದು ಎಷ್ಟೋ ಪ್ರವಾದಿಗಳೂ ಸತ್ಪುರುಷರೂ ಹಂಬಲಿಸಿದರು, ಆದರೆ ಕಾಣಲಿಲ್ಲ. ಜೋಕಿಮ್ ಮತ್ತು ಅನ್ನಮ್ಮನವರನ್ನು ಆ ಹಂಬಲಿಸಿದವರ ಸಾಲಿನಲ್ಲಿ ಧರ್ಮಸಭೆ ನೆನೆಯುತ್ತದೆ. ತಮ್ಮ ಮಗುವಿನ ಮೂಲಕ ಲೋಕಕ್ಕೆ ಏನು ಬರಲಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಫಲವನ್ನು ನೋಡದೆ ಸಸಿಗೆ ನೀರು ಹಾಕುವವರೇ ತಂದೆ ತಾಯಿ.

ಮೂರನೆಯವಳು ಸಂತ ಲೂಕನ ಶುಭಸಂದೇಶದ ಪ್ರವಾದಿನಿ ಅನ್ನ. ಗಂಡನೊಡನೆ ಏಳೇ ವರ್ಷ ಬಾಳಿ ವಿಧವೆಯಾದವಳು. ಎಂಬತ್ತನಾಲ್ಕರ ಮುದುಕಿ. ಮಕ್ಕಳಿದ್ದರು ಎಂಬ ಮಾತಿಲ್ಲ. ಒಂಟಿಯಾಗಿರುವ ತಾಯಂದಿರೇ, ಹೆಂಡತಿಯನ್ನು ಕಳೆದುಕೊಂಡು ತಾವೇ ಗಂಜಿ ಕಾಯಿಸಿಕೊಳ್ಳುವ ಅಜ್ಜಂದಿರೇ, ಈ ಅನ್ನ ನಿಮ್ಮವಳು. ಅವಳು ದೇವಾಲಯದಲ್ಲೇ ಪ್ರಾರ್ಥನೆ ಉಪವಾಸಗಳಲ್ಲಿ ಇದ್ದಳು. ಒಂದು ದಿನ ಬೇರೆ ಯಾರೋ ದಂಪತಿ ತಮ್ಮ ಕೂಸನ್ನು ಎತ್ತಿಕೊಂಡು ಬಂದರು. ಅವಳು ಆ ಕೂಸನ್ನು ಕಂಡು ದೇವರನ್ನು ಹೊಗಳಿ, ಸಿಕ್ಕಸಿಕ್ಕವರಿಗೆಲ್ಲ ಅದರ ವಿಷಯ ಹೇಳಿದಳು. ಬೇರೆಯವರ ಕೂಸಿನಲ್ಲಿ ಅವಳು ರಕ್ಷಕನನ್ನು ಕಂಡಳು.

ಇಲ್ಲಿಯೇ ನಮಗೆ ಮುಖ್ಯವಾದ ಮಾತು ಇದೆ. ನಮ್ಮ ಮಕ್ಕಳು ಹುಬ್ಬಳ್ಳಿಗೋ ಗೋವಾಕ್ಕೋ ಹೋಗಿದ್ದಾರೆ, ಸರಿ. ನಮ್ಮ ಊರಿಗೆ ಯಾರ ಮಕ್ಕಳು ಬಂದಿದ್ದಾರೆ? ಹಳಿಯಾಳ, ಮುಂಡಗೋಡ, ದಾಂಡೇಲಿಯ ಹಾಸ್ಟೆಲುಗಳಲ್ಲಿ ಸಿದ್ದಿ, ಗೌಳಿ, ಕುಣಬಿ, ಲಂಬಾಣಿ ಮಕ್ಕಳಿದ್ದಾರೆ. ಅವರ ತಂದೆ ತಾಯಿ ಕಾಡಿನೊಳಗಿನ ಒಂಟಿ ಮನೆಯಲ್ಲಿ ನಮ್ಮಂತೆಯೇ ದಾರಿ ನೋಡುತ್ತಿದ್ದಾರೆ. ಮುಂಡಗೋಡದ ಹತ್ತಿರ 1966ರಲ್ಲಿ ನೆಲೆಯೂರಿದ ಟಿಬೆಟನ್ ಶಿಬಿರದ ಮಠಗಳಿಗೆ ಲಡಾಖ್, ಅರುಣಾಚಲ, ನೇಪಾಳದ ಕಡೆಯಿಂದ ಪುಟ್ಟ ಹುಡುಗರು ಬಂದು ಓದುತ್ತಾರೆ. ಅವರ ತಾಯಂದಿರು ಹಿಮದ ಬೆಟ್ಟಗಳಾಚೆ ಇದ್ದಾರೆ. ಸಂತೆಯಲ್ಲಿ ಆ ಹುಡುಗರನ್ನು ಕಂಡಾಗ ಒಂದು ನಗು, ಒಂದು ಒಳ್ಳೆಯ ಮಾತು ನಮ್ಮಿಂದ ಬರಲಿ. ನಮ್ಮ ಮಗನಿಗೆ ಪುಣೆಯಲ್ಲಿ ಜ್ವರ ಬಂದಾಗ ಯಾರಾದರೂ ಒಂದು ಲೋಟ ಗಂಜಿ ಕೊಡಲಿ ಎಂದು ನಾವು ಬೇಡುತ್ತೇವೆ. ಅದೇ ಪ್ರಾರ್ಥನೆಯನ್ನು ಬೇರೊಬ್ಬ ತಾಯಿ ನಮ್ಮ ಊರಿನ ಕಡೆ ಮುಖಮಾಡಿ ಬೇಡುತ್ತಿದ್ದಾಳೆ. ಅವಳ ಪ್ರಾರ್ಥನೆಗೆ ದೇವರು ಉತ್ತರ ಕೊಡುವುದು ನಮ್ಮ ಕೈಯಿಂದ.

ದಾಂಡೇಲಿಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಮತ್ತು ಇತರ ಉದ್ದಿಮೆಗಳನ್ನು ನಂಬಿ ಎಲ್ಲೆಲ್ಲಿಂದಲೋ ಯುವಕರು ಇಲ್ಲಿಗೆ ಬಂದರು. ಮನೆ ಬಿಟ್ಟು ಬಂದ ಮಕ್ಕಳೇ ಕಟ್ಟಿದ ಊರು ಇದು. ಆಗ ಅವರ ತಂದೆ ತಾಯಿ ಮನಿಯಾರ್ಡರಿಗೂ ಕಾಗದಕ್ಕೂ ಅಂಚೆಯವನ ದಾರಿ ಕಾದರು. ಪಾಳಿಯ ಕೆಲಸದಲ್ಲಿ ಮೂವತ್ತು ವರ್ಷ ಕಳೆದ ಎಷ್ಟೋ ತಂದೆಯರು ತಮ್ಮ ಮಕ್ಕಳು ಎಚ್ಚರವಿದ್ದಾಗ ಅವರನ್ನು ಸರಿಯಾಗಿ ನೋಡಲಿಲ್ಲ. ಈಗ ನಿವೃತ್ತರಾಗಿ ಮನೆಯಲ್ಲಿ ಕುಳಿತಿದ್ದಾರೆ. ನೋಡೋಣವೆಂದರೆ ಮಕ್ಕಳು ಇಲ್ಲ. ಈ ಖಾಲಿತನವನ್ನು ಬಾಟಲಿಯಿಂದ ತುಂಬಿಸಲು ಹೊರಟವರನ್ನೂ ನಾವು ಬಲ್ಲೆವು. ಅವರನ್ನು ಬೈಯುವ ಮೊದಲು, ಸಂಜೆ ಹೊತ್ತು ಅವರ ಮನೆ ಬಾಗಿಲು ತಟ್ಟಿ ಹತ್ತು ನಿಮಿಷ ಕುಳಿತು ಬರುವವರು ನಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಯಾರಿದ್ದಾರೆ ಎಂದು ಕೇಳಿಕೊಳ್ಳೋಣ.

ಜೋಯಿಡಾದವರಿಗೆ ಇನ್ನೊಂದು ನೆನಪು ಇದೆ. 1980ರ ದಶಕದಲ್ಲಿ ಪೂರ್ಣಗೊಂಡ ಸೂಪಾ ಅಣೆಕಟ್ಟಿನ ನೀರಿನಲ್ಲಿ ಹಳೆಯ ಸೂಪಾ ಊರೇ ಮುಳುಗಿತು. ಅಲ್ಲಿಂದ ಎದ್ದುಬಂದ ಅನೇಕ ಕುಟುಂಬಗಳು ರಾಮನಗರದಲ್ಲಿ ಹೊಸದಾಗಿ ಒಲೆ ಹೂಡಿದವು. ಹುಟ್ಟಿದ ಮನೆಯ ಗೋಡೆ ಅವರ ಮಕ್ಕಳಿಗೆ ಉಳಿಯಲಿಲ್ಲ. ಆದರೂ ರಜೆ ಬಂದರೆ ಮಕ್ಕಳು ಮನೆಗೆ ಹೋಗುತ್ತೇವೆ ಎಂದೇ ಹೇಳಿದರು. ತಂದೆ ತಾಯಿ ಎಲ್ಲಿದ್ದಾರೋ ಅದೇ ಅವರಿಗೆ ಮನೆಯಾಯಿತು. ಹಾಗಾದರೆ ಮಕ್ಕಳಿಲ್ಲದಾಗ ನಾವು ಕಾಯಬೇಕಾದದ್ದು ಇಟ್ಟಿಗೆ ಹಂಚುಗಳಿಗಿಂತ ಹೆಚ್ಚಾಗಿ ನಮ್ಮನ್ನೇ: ನಮ್ಮ ಆರೋಗ್ಯ, ನಮ್ಮ ನಗು, ನಮ್ಮಿಬ್ಬರ ನಡುವಿನ ಪ್ರೀತಿ.

ಗುರುಗಳೂ ಕನ್ಯಾಸ್ತ್ರೀಯರೂ ಆದ ನಾವು ಕೂಡ ಮನೆ ಬಿಟ್ಟು ಬಂದ ಮಕ್ಕಳೇ. ಹತ್ತನೆಯ ತರಗತಿ ಮುಗಿಯುತ್ತಿದ್ದಂತೆ ಪೆಟ್ಟಿಗೆ ಹಿಡಿದು ಗುರುಮಠಕ್ಕೆ, ಕಾನ್ವೆಂಟಿಗೆ ಹೊರಟವರು ನಮ್ಮಲ್ಲಿ ಅನೇಕರು. ನಮ್ಮನ್ನು ಇಂದು ಬಲಿಪೀಠದ ಬಳಿ ನಿಲ್ಲಿಸಿರುವುದು, ಹಿಂದೆ ಉಳಿದ ಒಂದು ಮನೆಯಲ್ಲಿ ದಿನವೂ ಸಂಜೆ ನಡೆದ ಜಪಸರ. ಅಲ್ಲಿ ನಮ್ಮ ಹೆಸರು ಹೇಳುತ್ತಿದ್ದರು ಎಂಬುದು ನಮಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದರೆ ಎಷ್ಟು ದೂರದಲ್ಲಿದ್ದರೂ ಮನುಷ್ಯ ದಿಕ್ಕು ತಪ್ಪುವುದು ಕಷ್ಟ.

ಹಾಗಾದರೆ ಮನೆಯಲ್ಲಿ ಏನು ಮಾಡೋಣ? ನಾಲ್ಕು ಸಣ್ಣ ಕೆಲಸಗಳನ್ನು ಈ ಹಬ್ಬದಿಂದ ಶುರುಮಾಡೋಣ.

ಮೊದಲನೆಯದು, ಸಂಜೆಯ ಜಪಸರವನ್ನು ಇಬ್ಬರೇ ಇದ್ದರೂ ಬಿಡಬೇಡಿ. ಒಂದೊಂದು ರಹಸ್ಯವನ್ನು ಒಂದೊಂದು ಮಗುವಿನ ಹೆಸರಿನಲ್ಲಿ ಹೇಳಿ. ಒಂದನ್ನು ನಮ್ಮ ಊರಿಗೆ ಬಂದಿರುವ ಪರರ ಮಕ್ಕಳಿಗಾಗಿ ಇಡಿ. ಸಂತ ಅನ್ನಮ್ಮನವರು ಮಗು ಮರಿಯ ಮನೆಯಲ್ಲಿದ್ದಾಗ ತನ್ನ ಕೋಣೆಯನ್ನೇ ಗುಡಿಯಂತೆ ಇಟ್ಟಿದ್ದಳಂತೆ. ಮಗು ಹೋದ ಮೇಲೂ ಕೋಣೆ ಗುಡಿಯಾಗಿಯೇ ಉಳಿಯಬಹುದು.

ಎರಡನೆಯದು, ಗಂಡ ಹೆಂಡತಿ ದಿನಕ್ಕೊಮ್ಮೆಯಾದರೂ ಒಟ್ಟಿಗೆ ಕುಳಿತು ಉಣ್ಣಿ. ಆಗ ಟಿ.ವಿ. ಬೇಡ, ಮೊಬೈಲೂ ಬೇಡ. ಮಕ್ಕಳು ಬರುವ ಮೊದಲು ನೀವಿಬ್ಬರೇ ಇದ್ದಿರಿ. ಮಕ್ಕಳು ಹೋದ ಮೇಲೂ ನೀವಿಬ್ಬರೇ ಇರುವವರು. ವಿವಾಹದ ದಿನ ದೇವರ ಮುಂದೆ ಕೊಟ್ಟ ಮಾತು ಮಕ್ಕಳಿಗೆ ಕೊಟ್ಟದ್ದಲ್ಲ, ಒಬ್ಬರಿಗೊಬ್ಬರು ಕೊಟ್ಟದ್ದು.

ಮೂರನೆಯದು, ಮಕ್ಕಳು ಫೋನ್ ಮಾಡಿದಾಗ ಬರೀ ಊಟ ಆಯಿತಾ, ದುಡ್ಡು ಬಂತಾ ಎಂದು ಕೇಳಿ ಮುಗಿಸಬೇಡಿ. ಮನೆಯ ಸುದ್ದಿ ಹೇಳಿ: ಎಮ್ಮೆ ಕರು ಹಾಕಿತು, ಹಲಸಿನ ಮರ ಬಿತ್ತು, ಪಕ್ಕದ ಮನೆಯ ಅಜ್ಜಿ ನಿನ್ನನ್ನು ಕೇಳಿದಳು. ಅಂಥ ಮಾತುಗಳೇ ಮಕ್ಕಳನ್ನು ಊರಿಗೆ ಕಟ್ಟಿಹಾಕುವ ದಾರ. ನಿಮ್ಮ ಕಾಯಿಲೆಯನ್ನು ಮುಚ್ಚಿಡಬೇಡಿ. ಅದನ್ನೇ ಹಾಡುತ್ತಲೂ ಇರಬೇಡಿ.

ನಾಲ್ಕನೆಯದು, ವಾರಕ್ಕೊಂದು ಹೊತ್ತು ಬೇರೊಬ್ಬರಿಗೆ ಕೊಡಿ. ಹಾಸ್ಟೆಲಿನ ಇಬ್ಬರು ಮಕ್ಕಳನ್ನು, ಅಲ್ಲಿಯ ಹಿರಿಯರನ್ನು ಕೇಳಿ, ಭಾನುವಾರದ ಪೂಜೆಯ ನಂತರ ಊಟಕ್ಕೆ ಕರೆಯಿರಿ. ಓದಿಸಲು ಬಲ್ಲವರು ಪಕ್ಕದ ಮನೆಯ ಮಗುವಿಗೆ ಲೆಕ್ಕ ಹೇಳಿಕೊಡಿ. ಹೊಲಿಯಬಲ್ಲವರು ಹೊಲಿಯಿರಿ. ಹಾಸಿಗೆ ಹಿಡಿದವರು ಪ್ರಾರ್ಥಿಸಿ; ಅದು ಕಡಿಮೆ ಕೆಲಸವಲ್ಲ.

ಈ ಹಬ್ಬಕ್ಕೆಂದು ಊರಿಗೆ ಬಂದ ಮಕ್ಕಳು ಇಲ್ಲಿದ್ದರೆ ನಿಮಗೂ ಒಂದು ಮಾತು. ದಿವಂಗತ ಜಗದ್ಗುರು ಫ್ರಾನ್ಸಿಸ್‌ನವರು 2021ರಲ್ಲಿ ಅಜ್ಜ ಅಜ್ಜಿಯರ ಮತ್ತು ಹಿರಿಯರ ವಿಶ್ವ ದಿನವನ್ನು ಸ್ಥಾಪಿಸಿದರು. ಈ ಹಬ್ಬದ ಹತ್ತಿರ ಬರುವಂತೆ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನೇ ಅದಕ್ಕೆ ಆರಿಸಿದರು. ಅಂದು ಧರ್ಮಸಭೆ ನಿಮ್ಮಿಂದ ಕೇಳುವುದು ದೊಡ್ಡದೇನೂ ಅಲ್ಲ, ಒಂದು ಭೇಟಿ. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಕಳುಹಿಸಿದ ಹಣದಿಂದ ಹೊಸ ಹಂಚು ಹೊದಿಸಬಹುದು. ಹಂಚಿನ ಕೆಳಗೆ ಕೂತವರ ಜೊತೆ ಮಾತಾಡಲು ನೀವೇ ಬರಬೇಕು. ತೊಬಿಯಾಸ ಹೊಸ ಹೆಂಡತಿಯೊಂದಿಗೆ, ಹಣದೊಂದಿಗೆ ಹಿಂತಿರುಗಿದ. ಆದರೆ ದಾರಿಯಲ್ಲಿ ಕುಳಿತಿದ್ದ ತಾಯಿ ಮೊದಲು ಓಡಿದ್ದು ಹಣದ ಚೀಲದ ಕಡೆಗಲ್ಲ, ಅವನ ಕೊರಳಿಗೆ.

ಪ್ರಿಯ ತಂದೆ ತಾಯಂದಿರೇ, ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವು ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಬಲಿಪೀಠದ ಮೇಲಿಡುತ್ತೇವೆ. ಆಗ ನಿಮ್ಮ ಮಕ್ಕಳ ಹೆಸರನ್ನು, ಅವರಿರುವ ಊರಿನ ಹೆಸರನ್ನು ಮನಸ್ಸಿನಲ್ಲಿ ಅದರ ಜೊತೆಗೇ ಇಡಿ. ಜೋಕಿಮ್ ಮತ್ತು ಅನ್ನಮ್ಮ ದೇವಾಲಯದ ಮೆಟ್ಟಿಲ ಮೇಲೆ ಮಗುವನ್ನು ಬಿಟ್ಟದ್ದು ದೇವರ ಕೈಯಲ್ಲಿ. ಅದೇ ಕೈಯಲ್ಲಿ ನಿಮ್ಮ ಮಕ್ಕಳೂ ಇದ್ದಾರೆ, ನೀವೂ ಇದ್ದೀರಿ. ಮಾತೆ ಮರಿಯಮ್ಮನವರನ್ನು ಸಾಕಿ ಕಳುಹಿಸಿದ ಆ ಪುಣ್ಯ ದಂಪತಿ, ಮಕ್ಕಳು ದೂರವಿರುವ ನಮ್ಮ ಎಲ್ಲ ಮನೆಗಳಿಗಾಗಿ ಪ್ರಾರ್ಥಿಸಲಿ.

ಆಮೆನ್.